ತೀರಿಹೋದವರಿಗೆ ಕೊಟ್ಟ ಮಾರ್ಫಿನ್

ನಾನು ಫಾರ್ಮಸಿಸ್ಟ್. ಬಾಗಲಕೋಟೆಯ ಹಳೇ ಊರಿನ ಔಷಧಿ ಅಂಗಡಿಯೊಂದರಲ್ಲಿ ಬಹಳ ವರ್ಷ ದುಡಿದು, ಆಮೇಲೆ ನವನಗರದ ಒಂದು ಸಣ್ಣ ಆರೈಕೆ ಕೇಂದ್ರಕ್ಕೆ ಸೇರಿಕೊಂಡೆ. ವಾಸಿಯಾಗದ ಕ್ಯಾನ್ಸರಿನವರ ನೋವು ಕಡಿಮೆ ಮಾಡುವುದಷ್ಟೇ ಅಲ್ಲಿಯ ಕೆಲಸ. ಒಬ್ಬ ಡಾಕ್ಟರು, ಒಬ್ಬ ನರ್ಸು, ನಾನು. ಮಾರ್ಫಿನ್ ಇಡುವ ಕಪಾಟಿಗೆ ಎರಡು ಕೀಲಿ. ಒಂದು ಡಾಕ್ಟರ ಹತ್ತಿರ ಇರುತ್ತದೆ, ಇನ್ನೊಂದು ನನ್ನ ಹತ್ತಿರ. ಇಬ್ಬರೂ ಇದ್ದರೆ ಮಾತ್ರ ಅದು ತೆರೆಯುತ್ತದೆ.

ಗಾಂಜಾ ಸೊಪ್ಪಿಗೂ ನಮ್ಮ ಗುಳಿಗೆಗೂ ಕಾಯ್ದೆ ಒಂದೇ. ಹಿಂದೆ ಒಂದು ಡಬ್ಬಿ ಮಾರ್ಫಿನ್ ತರಿಸಬೇಕಾದರೆ ಮೂರು ನಾಲ್ಕು ಕಚೇರಿ ತಿರುಗಬೇಕಾಗಿತ್ತಂತೆ. ಅಷ್ಟರಲ್ಲಿ ರೋಗಿಯೇ ಇರುತ್ತಿರಲಿಲ್ಲ. ಕಾಯ್ದೆ ತಿದ್ದುಪಡಿಯಾದ ಮೇಲೆ ನಮ್ಮಂಥ ಕೇಂದ್ರಗಳಿಗೆ ಒಂದೇ ಮಾನ್ಯತೆ ಸಾಕಾಯಿತು. ಅದರ ಬದಲಿಗೆ ಪ್ರತಿ ಗುಳಿಗೆ ಯಾರಿಗೆ ಹೋಯಿತು, ಯಾವ ದಿನ ಹೋಯಿತು ಎಂದು ಬರೆದಿಡಬೇಕು. ಖಾಲಿ ಸ್ಟ್ರಿಪ್ಪುಗಳನ್ನು ಮನೆಯವರು ತಿರುಗಿ ತಂದುಕೊಡಬೇಕೆಂದು ನಾವೇ ನಿಯಮ ಮಾಡಿಕೊಂಡಿದ್ದೆವು. ರೋಗಿ ತೀರಿಹೋದರೆ ಉಳಿದ ಗುಳಿಗೆಗಳೂ ವಾಪಸು ಬರಬೇಕು. ಇದರಲ್ಲಿ ನಾನು ಕಟ್ಟುನಿಟ್ಟು. ನನ್ನ ಒಂದು ಸಹಿ ತಪ್ಪಿದರೆ ಇಡೀ ಜಿಲ್ಲೆಯ ನೋವಿನವರ ಔಷಧಿ ನಿಂತುಹೋಗುತ್ತದೆ ಎಂಬ ಹೆದರಿಕೆ ನನಗೆ ಯಾವಾಗಲೂ ಇತ್ತು.

ಕೊರೋನಾ ಗದ್ದಲವೆಲ್ಲ ಮುಗಿದ ಮೇಲಿನ ಒಂದು ಬೇಸಿಗೆಯಲ್ಲಿ ಆ ಗಂಡಹೆಂಡತಿ ಬಂದರು. ಹುನಗುಂದ ದಾಟಿ ಇಳಕಲ್ಲಿನ ಕಡೆ ಒಂದು ಹಳ್ಳಿಯವರು. ಆತ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದವರು. ಐವತ್ತು ದಾಟಿರಲಿಲ್ಲ. ಬಾಯಿಯ ಕ್ಯಾನ್ಸರ್ ಎಡಗೆನ್ನೆಯನ್ನು ತಿಂದು ತೂತು ಮಾಡಿತ್ತು. ಮಾತು ಹೋಗಿತ್ತು. ಏನು ಕೇಳಿದರೂ "ಹ್ಞೂಂ" ಎನ್ನುತ್ತಿದ್ದರು. ಅದರ ಕೊನೆಯಲ್ಲಿ ಕೆನ್ನೆಯ ತೂತಿನಿಂದ ಗಾಳಿ ಸಣ್ಣಗೆ ಸುಯ್ ಎಂದು ಹೊರಗೆ ಹೋಗುತ್ತಿತ್ತು. ಒಮ್ಮೆ ಕೇಳಿದವರು ಮರೆಯುವ ಧ್ವನಿಯಲ್ಲ ಅದು.

ಹೆಂಡತಿ ತೆಳ್ಳಗೆ, ಎತ್ತರಕ್ಕೆ ಇದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಮಕ್ಕಳಿರಲಿಲ್ಲ. ಸ್ಟ್ರಿಪ್ಪನ್ನು ಕೈಗೆ ಕೊಟ್ಟಾಗ ಅವಳು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು.

"ಅಕ್ಕಾರ, ಇದು ಅಫೀಮೇನ್ರಿ?"

"ಅಫೀಮಲ್ಲ ಯವ್ವಾ. ಅದರಿಂದ ತಗದ ಔಷಧಿ. ನೀ ಹಬ್ಬಕ್ಕ ಪಾಯಸಾ ಮಾಡ್ತೀಯಲ್ಲ, ಗಸಗಸಿ, ಅದ ಗಿಡದ್ದು."

"ಹಂಗಾದ್ರ ಚಟಾ ಹತ್ತತೈತೇನ್ರಿ ಅವ್ರಿಗೆ?"

"ನೋವಿದ್ದವ್ರಿಗೆ ಡಾಕ್ಟರ್ ಹೇಳಿದಷ್ಟ ಕೊಟ್ರ ಆ ಅಂಜಿಕಿ ಬ್ಯಾಡ. ಆದ್ರ ಬ್ಯಾರೇ ಯಾರಿಗೂ ಕೊಡಬಾರ್ದು. ನೀನೂ ತಗೋಬಾರ್ದು. ಉಳದದ್ದು ನನಗ ತಂದು ಕೊಡಬೇಕು. ಇದು ಸರಕಾರದ ಕಾಯ್ದೆ."

ನಾಲ್ಕು ತಾಸಿಗೊಮ್ಮೆ ಗುಳಿಗೆ ಕೊಡಬೇಕು. ಅವಳಿಗೆ ಓದು ಬರುತ್ತಿರಲಿಲ್ಲ. ಅವಳ ಮೊಬೈಲು ತೆಗೆದುಕೊಂಡು ನಾನೇ ಮುಂಜಾನೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತಕ್ಕೆ ಅಲಾರಂ ಇಟ್ಟೆ. ಬೇರೆ ಫೋನ್ ಬಂದಂತೆ ಅನಿಸಬಾರದೆಂದು ಕೋಳಿ ಕೂಗುವ ಸದ್ದನ್ನು ಆರಿಸಿದೆ. ಅದನ್ನು ಕೇಳಿ ಆತ ನಕ್ಕರು. ನಗುವಾಗಲೂ ಆ ಸುಯ್ ಎಂಬ ಗಾಳಿ.

ಎರಡು ಸಲ ಇಬ್ಬರೂ ಕೂಡಿ ಬಂದರು. ಮೂರನೆಯ ತಿಂಗಳಿನಿಂದ ಅವಳೊಬ್ಬಳೇ ಬರತೊಡಗಿದಳು. ಮಲಗಿದವರನ್ನು ಬಸ್ಸಿನಲ್ಲಿ ಅಷ್ಟು ದೂರ ಕರೆತಾ ಎಂದು ಹೇಳುವುದು ಹೇಗೆ? ದೂರದವರ ವಿಷಯದಲ್ಲಿ ಮನೆಯವರು ಹೇಳಿದ್ದನ್ನು ಕೇಳಿಕೊಂಡು ಡಾಕ್ಟರು ಚೀಟಿ ಬರೆಯುವುದು ನಡೆದುಬಂದಿತ್ತು. ನಮ್ಮ ಬಳಿ ಇದ್ದದ್ದು ಒಂದು ಗಾಡಿ, ಒಬ್ಬ ಡ್ರೈವರ್. ನರ್ಸು ಹೆರಿಗೆ ರಜೆಯ ಮೇಲಿದ್ದಳು. ಇಳಕಲ್ಲಿನ ಕಡೆಯ ಮನೆಭೇಟಿಗಳು ನಿಂತುಹೋಗಿದ್ದವು.

ಅವಳು ಲೆಕ್ಕ ತಪ್ಪದೆ ಬಂದಳು. ಖಾಲಿ ಸ್ಟ್ರಿಪ್ಪುಗಳನ್ನು ಒಂದರ ಮೇಲೊಂದು ಜೋಡಿಸಿ, ದಾರ ಕಟ್ಟಿ ತರುತ್ತಿದ್ದಳು. ಬೇರೆಯವರ ಸ್ಟ್ರಿಪ್ಪುಗಳಿಗೆ ಅರಿಸಿನವೋ ಎಣ್ಣೆಯೋ ಹತ್ತಿರುತ್ತಿತ್ತು, ಮೂಲೆ ಹರಿದಿರುತ್ತಿದ್ದವು. ಇವಳವು ಹೊಸದಾಗಿ ತೊಳೆದಂತೆ ಇರುತ್ತಿದ್ದವು. ಎಲ್ಲರೂ ಹೀಗಿದ್ದರೆ ನನ್ನ ಕೆಲಸ ಎಷ್ಟು ಸುಲಭ ಎಂದು ಡಾಕ್ಟರ ಮುಂದೆ ಹೊಗಳಿದ್ದೂ ಉಂಟು.

ಶ್ರಾವಣ ಕಳೆದ ಮೇಲೆ ಬಂದಾಗ, ನೋವು ಹೆಚ್ಚಾಗಿದೆ ಎಂದಳು. ಡಾಕ್ಟರು ಎಷ್ಟು ಹೊತ್ತಿಗೆ, ಎಲ್ಲಿ, ಹೇಗೆ ಎಂದೆಲ್ಲ ಕೇಳಿದರು. ಅವಳು ಹೇಳಿದ್ದು ಒಂದೂ ತಪ್ಪಿರಲಿಲ್ಲ. ನಸುಕಿನಲ್ಲಿ ಕಿವಿಯ ಹಿಂದಿನಿಂದ ಎದ್ದು ಕುತ್ತಿಗೆಗೆ ಇಳಿಯುತ್ತದೆ, ಮಂಚದ ಸರಳನ್ನು ಉಂಗುರದಿಂದ ಬಡಿಯುತ್ತಾರೆ, ಎಂದಳು. ಆ ಹಂತದ ಬಾಯಿ ಕ್ಯಾನ್ಸರಿನವರ ನೋವು ಹಾಗೆಯೇ ಇರುತ್ತದೆ. ಡಾಕ್ಟರು ಪ್ರಮಾಣವನ್ನು ಎರಡು ಪಟ್ಟು ಮಾಡಿದರು. ಮುಂದಿನ ತಿಂಗಳೂ ಅದೇ ಮಾತು. ಈ ಸಲ ಮೂರು ಪಟ್ಟಾಯಿತು.

ಮಾರ್ಫಿನ್ ಹೆಚ್ಚಿಸಿದಾಗ ಮಲ ಕಟ್ಟುತ್ತದೆಯೇ, ಬಹಳ ಮಂಪರು ಬರುತ್ತದೆಯೇ ಎಂದು ಫೋನ್ ಮಾಡಿ ವಿಚಾರಿಸುವುದು ನನ್ನ ಪಾಲಿನ ಕೆಲಸ. ಮಹಾನವಮಿಯ ಹಿಂದಿನ ವಾರ, ಮುಂಜಾನೆ ಹನ್ನೊಂದರ ಸುಮಾರಿಗೆ ಅವಳಿಗೆ ಫೋನ್ ಮಾಡಿದೆ.

"ಅವ್ರ ಹಂತ್ಯಾಕ ಫೋನ್ ಇಡು ಯವ್ವಾ, ಎರಡು ಮಾತು ಕೇಳ್ತೇನಿ" ಎಂದೆ.

"ಇಡ್ತೇನ್ರಿ" ಎಂದಳು. ಹೆಜ್ಜೆಯ ಸದ್ದು, ಆಮೇಲೆ ಬಟ್ಟೆ ಸವರಿದ ಸದ್ದು. ಅನಂತರ ಯಾರೋ ನಿಧಾನವಾಗಿ ಉಸಿರಾಡುವುದು ಕೇಳಿಸಿತು.

"ಹೊಟ್ಟಿ ಸಾಫ್ ಆಗಾಕತ್ತೈತೇನ್ರಿ?" ಎಂದು ಕೇಳಿದೆ.

"ಹ್ಞೂಂ." ಕೊನೆಯಲ್ಲಿ ಸುಯ್.

"ನೋವು ಇನ್ನೂ ಭಾಳ ಐತೇನ್ರಿ?"

ಮತ್ತೆ, ಇನ್ನೂ ಉದ್ದಕ್ಕೆ, "ಹ್ಞೂಂ."

ಪಾಪ ಅನಿಸಿತು. ರೋಗಿಯ ಕಡತ ತೆಗೆದು ಬರೆದೆ: ರೋಗಿಯೊಂದಿಗೆ ನೇರವಾಗಿ ಮಾತಾಡಲಾಯಿತು. ಮಲಬದ್ಧತೆ ಇಲ್ಲ. ನೋವು ಇದೆ ಎಂದರು. ಕೆಳಗೆ ಸಹಿ ಹಾಕಿದೆ.

ದೀಪಾವಳಿ ಮುಗಿದ ಮೇಲೆ ನರ್ಸು ಕೆಲಸಕ್ಕೆ ಮರಳಿದಳು. ಇಷ್ಟು ಬೇಗ ಮೂರು ಪಟ್ಟಾಗಿದೆ, ಗಾಯ ಒಮ್ಮೆ ಕಣ್ಣಿಂದ ನೋಡಿಬನ್ನಿ ಎಂದು ಡಾಕ್ಟರು ಹೇಳಿದರು. ಗಾಡಿಯಲ್ಲಿ ನರ್ಸು ಮತ್ತು ನಾನು ಹೊರಟೆವು. ಶಿರೂರು ದಾಟುವಾಗ ಹೊಲಗಳಲ್ಲಿ ಜೋಳ ಮೊಳಕಾಲೆತ್ತರ ನಿಂತಿತ್ತು. ಅಮೀನಗಡದಲ್ಲಿ ಚಹಾ ಕುಡಿದು, ಹುನಗುಂದದಲ್ಲಿ ಇನ್ನೊಬ್ಬ ರೋಗಿಯನ್ನು ನೋಡಿ, ಆ ಹಳ್ಳಿ ಮುಟ್ಟುವಾಗ ಒಂದೂವರೆ ದಾಟಿತ್ತು.

ನಳದ ಹತ್ತಿರ ಕೊಡ ಇಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳನ್ನು ಮನೆ ಎಲ್ಲಿ ಎಂದು ಕೇಳಿದೆ. ಕಲ್ಲಿನ ಫ್ಯಾಕ್ಟರಿಯಲ್ಲಿದ್ದರು, ಕೆನ್ನೆಗೆ ಹುಣ್ಣಾಗಿದೆ, ಎಂದು ಗುರುತು ಹೇಳಿದೆ.

"ಅಂವ ಶ್ರಾವಣದಾಗ ಹ್ವಾದ್ನಲ್ಲವ್ವಾ" ಎಂದಳು ಮುದುಕಿ. "ಹೇಣ್ತಿ ಅದಾಳ. ಅಲ್ಲಿ, ನೀಲಿ ಬಾಗಲಾ."

ನರ್ಸು ನನ್ನ ಮುಖ ನೋಡಿದಳು. ಬೇರೆ ಯಾರ ವಿಷಯವೋ ಹೇಳುತ್ತಿದ್ದಾಳೆ ಎಂದುಕೊಂಡೆ. ಮಹಾನವಮಿಯ ಹೊತ್ತಿಗೆ ನಾನೇ ಮಾತಾಡಿದ್ದೇನಲ್ಲ.

ನೀಲಿ ಬಾಗಿಲು ತಟ್ಟಿದೆ. ಅವಳೇ ತೆರೆದಳು. ನಮ್ಮನ್ನು ನೋಡಿ ಅವಳಿಗೆ ಆಶ್ಚರ್ಯವಾಗಲಿಲ್ಲ, ಗಾಬರಿಯೂ ಆಗಲಿಲ್ಲ.

"ಬರ್ರಿ ಅಕ್ಕಾರ. ಸಾವಕಾಶ ಬರ್ರಿ. ಈಗ ಒಂದೀಟು ಕಣ್ಣು ಹತ್ಯಾವ" ಎಂದು ದನಿ ಇಳಿಸಿದಳು.

ನನಗೆ ಜೀವ ಬಂದಂತಾಯಿತು. ಮುದುಕಿಯದು ತಪ್ಪು ಎಂದುಕೊಂಡು ಅವಳ ಹಿಂದೆ ಒಳಕೋಣೆಗೆ ಹೋದೆ. ಕಬ್ಬಿಣದ ಮಂಚ. ಮೇಲೆ ಒಗೆದ ಕೌದಿ, ಮೂಲೆ ಸರಿಮಾಡಿ ಹಾಸಿತ್ತು. ದಿಂಬಿನ ನಡುವೆ ತಲೆಯಿಟ್ಟಷ್ಟು ತಗ್ಗು. ಪಕ್ಕದಲ್ಲಿ ಸ್ಟೂಲು, ಅದರ ಮೇಲೆ ನೀರಿನ ತಂಬಿಗೆ, ಮಡಿಚಿದ ಟವೆಲ್ಲು. ಮಂಚದ ಮೇಲೆ ಯಾರೂ ಇರಲಿಲ್ಲ.

ನರ್ಸು ನನ್ನ ಸೆರಗು ಹಿಡಿದಳು. "ವಾಸನಿ ಬರ್ತೈತೇನ್ರಿ?" ಎಂದು ಕಿವಿಯಲ್ಲಿ ಕೇಳಿದಳು. ಬರುತ್ತಿತ್ತು. ಆ ಹುಣ್ಣಿನ ವಾಸನೆ ನಮ್ಮ ಕೆಲಸದವರಿಗೆ ಚೆನ್ನಾಗಿ ಗೊತ್ತು. ಕಿಟಕಿ ತೆರೆದಿತ್ತು, ನೆಲ ಸಾರಿಸಿತ್ತು, ಕೌದಿ ಹೊಸದಾಗಿ ಒಗೆದದ್ದು. ಆದರೂ ವಾಸನೆ ಇವತ್ತಿನದು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಕುಪ್ಪಸದೊಳಗಿದ್ದ ಮೊಬೈಲಿನಲ್ಲಿ ಕೋಳಿ ಕೂಗಿತು. ಮಟಮಟ ಮಧ್ಯಾಹ್ನ ಎರಡು ಗಂಟೆ. ಅವಳು ಅಲಾರಂ ನಿಲ್ಲಿಸಿ, ಗೂಡಿನಲ್ಲಿದ್ದ ಸ್ಟ್ರಿಪ್ಪು ತೆಗೆದು ಮೂರು ಗುಳಿಗೆ ಒತ್ತಿ ಅಂಗೈಗೆ ಹಾಕಿಕೊಂಡಳು. ಮಂಚದ ಅಂಚಿಗೆ ಕುಳಿತಳು. ಎಡಗೈಯನ್ನು ದಿಂಬಿನ ತಗ್ಗಿನಡಿ ತೂರಿಸಿ, ಭಾರ ಎತ್ತುವವರಂತೆ ಮೆಲ್ಲಗೆ ಮೇಲಕ್ಕೆತ್ತಿದಳು. ಅವಳ ತೋಳಿನ ನರಗಳು ಬಿಗಿದದ್ದನ್ನು ನಾನು ನೋಡಿದೆ. ಬಲಗೈಯಿಂದ ಗುಳಿಗೆಗಳನ್ನು ಮುಂದೆ ಹಿಡಿದು, "ಈಗ ಕಡಿಮಿ ಆಗ್ತೈತಿ. ಒಂದೀಟು ತಡಕೋರಿ" ಎಂದಳು. ತಂಬಿಗೆ ಬಗ್ಗಿಸಿ ಟವೆಲ್ಲಿನ ತುದಿ ಒದ್ದೆ ಮಾಡಿ ಗಾಳಿಯಲ್ಲಿ ಏನನ್ನೋ ಒರೆಸಿದಳು. ಮತ್ತೆ ಆ ಭಾರವನ್ನು ದಿಂಬಿಗೆ ಇಳಿಸಿದಳು. ಆಮೇಲೆ ಎದ್ದು, ಮೂರೂ ಗುಳಿಗೆಗಳನ್ನು ಗೂಡಿನಲ್ಲಿದ್ದ ಸ್ಟೀಲ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು.

ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

"ಯವ್ವಾ, ಅವ್ರು ಹೋಗಿ ಎಷ್ಟು ದಿನಾ ಆತು?"

"ಶ್ರಾವಣದ ಎರಡನೇ ಸೋಮವಾರ, ಅಕ್ಕಾರ." ತಡವರಿಸಲೇ ಇಲ್ಲ. "ನನಗ ಗೊತ್ತೈತ್ರಿ. ನಾನ ಮುಂದ ನಿಂತು ಮಣ್ಣ ಮಾಡ್ಸೇನಿ. ಊರಾಗಿನ ಮಂದೆಲ್ಲಾ ಬಂದಿದ್ರು. ವಿಭೂತಿ ಹಚ್ಚಿ ಗದ್ದಿಗಿ ಮ್ಯಾಲೆ ಕುಂದ್ರಿಸಿ ಕಳಿಸೇನಿ."

"ಮತ್ತ ಇದು?"

"ಅವ್ರು ಹ್ವಾದ್ರು ಖರೆ. ನೋವು ಹೋಗಲಿಲ್ರಿ. ನೋವು ಇಲ್ಲೇ ಐತಿ." ಮಂಚ ತೋರಿಸಿದಳು. "ಮಣ್ಣ ಮಾಡಿ ಬಂದ ಮರುದಿನ ನಸುಕಿನ್ಯಾಗ ಸರಳು ಬಡಿಯೂದು ಚಾಲೂ ಆತು. ಗುಳಿಗಿ ಹಿಡದ್ರ ನಾಕ್ ತಾಸು ಸುಮ್ಮನಾಗತೈತಿ. ತಿಂಗಳಾದ ಮ್ಯಾಲೆ ಒಂದು ಸಾಲವಲ್ದಾತು. ಅದಕ್ಕ ಡಾಕ್ಟರಿಗೆ ಹೇಳಿದ್ನಿ."

ಅವಳು ಅಳುತ್ತಿರಲಿಲ್ಲ. ಹಾಲಿನ ಬೆಲೆ ಹೇಳಿದಷ್ಟೇ ಸಾದಾ ಹೇಳುತ್ತಿದ್ದಳು. ಊರವರಿಗೆ ವಿಧವಾ ಪಿಂಚಣಿಯ ಕಾಗದಕ್ಕೆ ಬಾಗಲಕೋಟೆಗೆ ಹೋಗುತ್ತೇನೆ ಎಂದು ಹೇಳಿ ಬರುತ್ತಿದ್ದಳಂತೆ.

ಡಬ್ಬಿಯನ್ನು ನನ್ನ ಮುಂದೆ ಇಡಲು ಹೇಳಿದೆ. ಅವಳು ತಕರಾರು ಮಾಡದೆ ಇಟ್ಟಳು. ನಾನೂ ನರ್ಸೂ ನೆಲದ ಮೇಲೆ ಪೇಪರ್ ಹಾಸಿ ಅದರಲ್ಲಿದ್ದ, ಸ್ಟ್ರಿಪ್ಪಿನಲ್ಲಿ ಉಳಿದಿದ್ದ ಗುಳಿಗೆಗಳನ್ನು ಹತ್ತು ಹತ್ತರಂತೆ ಸಾಲಿಟ್ಟು ಎಣಿಸಿದೆವು. ಜೊತೆಗೆ ತಂದಿದ್ದ ಔಷಧಿ ಲೆಕ್ಕಕ್ಕೆ ಹಿಡಿದು ನೋಡಿದರೆ, ಆತ ಹೋದ ದಿನ ಉಳಿದದ್ದು, ಆಮೇಲೆ ನಾನು ಕೊಟ್ಟದ್ದು ಎಲ್ಲ ಅಲ್ಲಿತ್ತು. ಎರಡು ಮಾತ್ರ ಕಡಿಮೆ. ಇನ್ನೊಮ್ಮೆ ಎಣಿಸಿದೆವು. ಎರಡು ಕಡಿಮೆ.

"ಇನ್ನೆರಡು ಏನಾದವು?" ಎಂದು ಕೇಳಿದೆ.

ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳು ತಲೆ ತಗ್ಗಿಸಿದಳು. "ನಾ ತಗೊಂಡೇನ್ರಿ. ನೀವು ತಗೋಬ್ಯಾಡ ಅಂದಿದ್ರಿ. ಒಂದ ದಿನಾ. ಅವ್ರು ಎಲ್ಲಿ ಅದಾರ, ಒಂದಪಾ ನೋಡಿ ಬರೂಣಂತ."

"ಏನಾತು?" ಎಂದಳು ನರ್ಸು.

"ಮುಂಜಾನಿಂದ ಸಂಜಿತನಕಾ ಇದ ಮಂಚದ ಮ್ಯಾಲೆ ಬಿದ್ದಿದ್ನಿ. ಏನೂ ಕಾಣಲಿಲ್ರಿ. ಆದ್ರ ಬಾಜೂಕ ಜಾಗಾ ಇರಲಿಲ್ಲ."

ಅಷ್ಟು ಗುಳಿಗೆಗಳ ನಡುವೆ ಕುಳಿತು ಅವಳು ಬದುಕಿದ್ದಳಲ್ಲ ಎಂದು ನನಗೆ ಹೊಳೆದದ್ದು ಆಮೇಲೆ. ಆ ಹೊತ್ತಿನಲ್ಲಿ ಬೇರೇನೂ ತೋಚಲಿಲ್ಲ. ನಳದ ಬಳಿಯ ಮುದುಕಿಯನ್ನು ಕರೆದು ಅವಳ ಜೊತೆ ಇರಲು ಹೇಳಿ, ಸ್ಟ್ರಿಪ್ಪಿನಲ್ಲಿ ಉಳಿದದ್ದನ್ನೂ ಡಬ್ಬಿಗೆ ಸೇರಿಸಿ ಸೀಲು ಮಾಡಿ ಚೀಲಕ್ಕೆ ಹಾಕಿಕೊಂಡೆ. ಹೊರಡುವಾಗ ಅವಳು ಬಾಗಿಲವರೆಗೂ ಬಂದಳು.

"ಆರಕ್ಕ ಮತ್ತ ಬೇಕಾಗತೈತ್ರಿ ಅಕ್ಕಾರ" ಎಂದಳು.

ನಾನು ಚೀಲವನ್ನು ಎದೆಗೆ ಅವಚಿಕೊಂಡು ಗಾಡಿ ಹತ್ತಿದೆ. ಅದು ಈಗಲೂ ಮನಸ್ಸಿನಲ್ಲಿ ಕುಟುಕುತ್ತದೆ.

ಡಾಕ್ಟರು ಎಲ್ಲ ಕೇಳಿ ರಿಜಿಸ್ಟರನ್ನು ಮುಂದೆ ಎಳೆದುಕೊಂಡರು. ಸತ್ತವರ ಹೆಸರಿನಲ್ಲಿ ಮಾರ್ಫಿನ್ ಕೊಟ್ಟದ್ದು ಸಣ್ಣ ಮಾತಲ್ಲ. ಡಬ್ಬಿಯನ್ನು ಕಪಾಟಿಗೆ ಹಾಕಿ, ಈಗಷ್ಟೇ ತೀರಿಕೊಂಡರು ಎಂದು ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಆಸೆ ನನಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಡಾಕ್ಟರು, "ಇದ್ದದ್ದು ಇದ್ದಂಗ ಬರೀರಿ. ಇವತ್ತ ಮುಚ್ಚಿಟ್ರ ನಾಳೆ ಯಾರ ಮ್ಯಾಲೂ ನಮಗ ನಂಬಿಗಿ ಉಳಿಯೂದಿಲ್ಲ" ಎಂದರು. ಔಷಧ ನಿಯಂತ್ರಣ ಇಲಾಖೆಗೆ ಬರೆದು ಕಳಿಸಿದೆವು.

ಅವಳನ್ನು ಮಾತ್ರ ಮರುದಿನವೇ ಗಾಡಿ ಕಳಿಸಿ ಕರೆತಂದು ಮನೋವೈದ್ಯರಿಗೆ ತೋರಿಸಿದೆವು. ಚೊಳಚಗುಡ್ಡದಲ್ಲಿದ್ದ ತಂಗಿ ಬಂದು ತನ್ನ ಮನೆಗೆ ಕರೆದೊಯ್ದಳು.

ವಾರದ ಮೇಲೆ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ಕಲಾದಗಿಯ ಕಡೆಯವರು, ವಯಸ್ಸಾದವರು, ದನಿ ಏರಿಸುವವರಲ್ಲ. ರಿಜಿಸ್ಟರನ್ನು ಸಾಲು ಸಾಲಾಗಿ ನೋಡಿದರು. ಚೀಟಿ, ಸ್ಟ್ರಿಪ್ಪು, ಡಬ್ಬಿ ಎಲ್ಲ ತಾಳೆಯಾದವು. ಆಮೇಲೆ ರೋಗಿಯ ಕಡತ ತಿರುವಿ, ಒಂದು ಪುಟದ ಮೇಲೆ ಬೆರಳಿಟ್ಟರು.

"ಮೇಡಂ, ಇದು ಯಾರ ಅಕ್ಷರ?"

"ನಂದ ರೀ."

"ರೋಗಿಯೊಂದಿಗೆ ನೇರವಾಗಿ ಮಾತಾಡಲಾಯಿತು, ಅಂತ ಬರದೀರಿ. ಆ ದಿನಕ್ಕ ಅವ್ರು ಸತ್ತು ಎಷ್ಟ ದಿನಾ ಆಗಿತ್ತು ನೋಡ್ರಿ."

ಆ ಪುಟವನ್ನು ನಾನು ಮರೆತೇಬಿಟ್ಟಿದ್ದೆ. ಅಕ್ಷರ ದುಂಡಗೆ, ಸಹಿ ಸ್ಪಷ್ಟ. ಸರಕಾರಕ್ಕೆ ತೋರಿಸಬೇಕಾದ ಕಡತದಲ್ಲಿ, ಮಣ್ಣಾಗಿದ್ದ ಮನುಷ್ಯನೊಬ್ಬ ನೋವಿದೆ ಎಂದದ್ದಕ್ಕೆ ನಾನೇ ಸಾಕ್ಷಿ.

ಹೇಳಿಕೆ ಕೊಡಲು ತಂಗಿಯೊಂದಿಗೆ ಅವಳೂ ಬಂದಿದ್ದಳು. ಅಧಿಕಾರಿ ಅವಳನ್ನು ಕೇಳಿದರು: "ಫೋನಿನ್ಯಾಗ ಹ್ಞೂಂ ಅಂದಾಕಿ ನೀನ ಏನ್ ಬೇ?"

"ಅಲ್ರಿ ಸಾಹೇಬ್ರ. ನಾ ಫೋನ್ ದಿಂಬಿನ ಮ್ಯಾಲೆ ಇಟ್ಟು ರೊಟ್ಟಿ ಹೊಳ್ಳಸಾಕ ಒಲಿ ಕಡೆ ಹೋಗಿದ್ನಿ. ಹೊತ್ತಿ ವಾಸನಿ ಬರಾಕತ್ತಿತ್ತು."

"ಮನ್ಯಾಗ ಬ್ಯಾರೇ ಯಾರಿದ್ರು?"

"ಯಾರೂ ಇಲ್ರಿ."

ಅವರು ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿ, "ಈ ಸಾಲು ಹೊಡದು ಹಾಕಿ ಸಣ್ಣ ಸಹಿ ಮಾಡ್ರಿ. ತಪ್ಪಿ ಬರದೇನಿ ಅಂತ ಬರದ್ರ ಮುಗೀತು" ಎಂದರು. ನನಗೆ ಒಳ್ಳೆಯದಾಗಲಿ ಎಂದೇ ಹೇಳಿದರು.

ಪೆನ್ನು ಹಿಡಿದೆ. ಗೆರೆ ಎಳೆಯಲು ಕೈ ಬರಲಿಲ್ಲ. ಹಳೆಯ ನೆನಪಿನಿಂದ ಕಿವಿಗೆ ಹಾಗೆ ಅನಿಸಿರಬಹುದು. ಕಿಟಕಿಯ ಗಾಳಿಯಿರಬಹುದು. ಹಳ್ಳಿಯ ನೆಟ್‌ವರ್ಕಿನಲ್ಲಿ ಯಾರದೋ ದನಿ ಯಾರಿಗೋ ಕೇಳಿಸುವುದೂ ಉಂಟು. ಆದರೆ ನಾನು ಕೇಳಿದ ಎರಡು ಪ್ರಶ್ನೆಗೂ ಸರಿಯಾದ ಹೊತ್ತಿಗೆ ಉತ್ತರ ಬಂದಿತ್ತು. ಆ ಸುಯ್ ಎಂಬುದನ್ನು ನಾನು ಕೇಳಿದ್ದೆ. ಕಡೆಗೆ ಸಾಲಿನ ಕೆಳಗೆ ಹೀಗೆ ಬರೆದೆ: ಫೋನಿನಲ್ಲಿ ಗಂಡಸಿನ ಧ್ವನಿ ಕೇಳಿಸಿತು, ಯಾರದೆಂದು ಗೊತ್ತಿಲ್ಲ. ಅಧಿಕಾರಿ ಅದನ್ನು ಓದಿ, ನನ್ನ ಮುಖ ಓದಿ, ಪುಟ ತಿರುವಿದರು.

ಹಾಗೆ ವಾಪಸು ಬಂದ ಗುಳಿಗೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಅನುಮತಿ ಬಂದ ಮೇಲೆ, ಸಾಕ್ಷಿಗಳ ಮುಂದೆ ಅವನ್ನೆಲ್ಲ ಕುಟ್ಟಿ, ನೀರಿಗೆ ಹಾಕಿ, ಯಾರಿಗೂ ಬಳಸಲಾಗದಂತೆ ಕಲಸಿ ನಾಶ ಮಾಡಿದೆವು. ಕಡಿಮೆ ಬಿದ್ದ ಎರಡರ ಮುಂದೆ, ಮೃತರ ಪತ್ನಿ ಸೇವಿಸಿದ್ದು ಎಂದು ನಮೂದಾಯಿತು. ಅವಳ ಮೇಲೆ ಕೇಸು ಹಾಕಲಿಲ್ಲ. ಮಾರಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ, ದುಃಖದಲ್ಲಿದ್ದವಳು ಎಂದು ವರದಿಯಾಯಿತು. ನಮಗೊಂದು ಎಚ್ಚರಿಕೆ ಪತ್ರ ಬಂತು. ಅಂದಿನಿಂದ ಎಷ್ಟೇ ದೂರದವರಿರಲಿ, ತಿಂಗಳಿಗೊಮ್ಮೆ ರೋಗಿಯ ಮುಖ ನೋಡದೆ, ಕೊನೆಗೆ ವಿಡಿಯೋದಲ್ಲಾದರೂ ನೋಡದೆ, ನಾನು ಕಪಾಟು ತೆರೆಯುವುದಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಬಾದಾಮಿಯಲ್ಲಿ ಒಬ್ಬ ರೋಗಿಯನ್ನು ನೋಡಿ, ಬನಶಂಕರಿಗೆ ಕೈಮುಗಿದು ಹೋಗೋಣವೆಂದು ಇಳಿದೆ. ಹೊಂಡದ ದಂಡೆಯಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಮೊಸರು ಮಾರುವ ಹೆಂಗಸರ ಸಾಲಿನಿಂದ, "ಅಕ್ಕಾರ, ಬರ್ರಿ" ಎಂದು ಯಾರೋ ಕರೆದರು. ಅವಳೇ. ಮೈ ತುಂಬಿಕೊಂಡಿದ್ದಳು. ತಂಗಿಯ ಜೊತೆ ಚೊಳಚಗುಡ್ಡದಿಂದ ದಿನಾ ರೊಟ್ಟಿ ಮಾಡಿಕೊಂಡು ಬರುತ್ತೇನೆ ಎಂದಳು. ಎಲೆಯ ಮೇಲೆ ಎರಡು ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಹಾಕಿಕೊಟ್ಟಳು. ತಿನ್ನುತ್ತಾ ಕೇಳಿದೆ.

"ಈಗ ನಿದ್ದಿ ಬರತೈತೇನ್ ಬೇ?"

"ಛಲೋ ಬರತೈತ್ರಿ. ಇಲ್ಲಿಗೆ ಅವ್ರು ಬಂದಿಲ್ಲ. ತಂಗಿ ಲಗ್ನದಾಗ ಏನೋ ಮಾತಿಗೆ ಮಾತು ಬೆಳದು ಸಿಟ್ಟಾಗಿದ್ರು. ಆಮ್ಯಾಲೆ ಒಂದಿನಾ ಆಕಿ ಹೊಸ್ತಲಾ ತುಳೀಲಿಲ್ಲ. ಅವ್ರಿಗೆ ಈ ಮನಿ ದಾರಿ ಗೊತ್ತಿಲ್ರಿ."

"ಅಲ್ಲಿ ಮನಿ?"

"ಕೀಲಿ ಹಾಕೇನ್ರಿ." ಮೊಸರಿನ ಗಡಿಗೆಯ ಮೇಲೆ ಬಟ್ಟೆ ಮುಚ್ಚಿದಳು. "ಬಾಜೂ ಮನಿಯವ್ರು ಫೋನ್ ಮಾಡಿದ್ರು. ನಸುಕಿನ್ಯಾಗ ಒಳಗ ಏನೋ ಸಪ್ಪಳಾ ಆಗತೈತಂತ, ಇಲಿ ಇರಬೇಕು, ಬಂದು ನೋಡು ಅಂತಾರ. ನಾ ಹೋಗಿಲ್ರಿ. ನೀವು ಆ ಕಡೆ ಬಂದ್ರ ಒಂದಪಾ ಬಾಗಲಾ ಬಡದು ಹೋಗ್ರಿ ಅಕ್ಕಾರ. ನಿಮ್ಮ ದನಿ ಗುರತು ಐತ್ರಿ ಅವ್ರಿಗೆ."

ಆಗಲಿ ಎಂದೆ. ರೊಟ್ಟಿಗೆ ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದಳು.

ಆಮೇಲೆ ಮನೆಭೇಟಿಗೆಂದು ಇಳಕಲ್ಲಿಗೆ ಎಷ್ಟೋ ಸಲ ಹೋಗಿಬಂದಿದ್ದೇನೆ. ಆ ಹಳ್ಳಿಗೆ ತಿರುಗುವ ದಾರಿ ಹೆದ್ದಾರಿಯ ಎಡಕ್ಕೆ ಬರುತ್ತದೆ, ಒಂದು ಬೇವಿನ ಗಿಡ, ಬಸ್ಸಿನವರು ಕೂರುವ ಕಲ್ಲು. ಅಲ್ಲಿ ನರ್ಸು ಮಾತು ನಿಲ್ಲಿಸುತ್ತಾಳೆ. ನಾನು ಚೀಲದಲ್ಲಿ ಏನಾದರೂ ಹುಡುಕುತ್ತೇನೆ. ಇದುವರೆಗೆ ಡ್ರೈವರನಿಗೆ ತಿರುಗಿಸು ಎಂದು ಹೇಳಿಲ್ಲ.